ಈ ‘ನಾವು’ ಯಾವ ನಾವು?

ನಾನು ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ತೋಟದವನು. ಕಡಲೆಂದರೆ ನನಗೆ ಆಟಿ ಅಮಾವಾಸ್ಯೆಗೆ ಮುಳುಗು ಹಾಕುವ ನೀರು, ಅಷ್ಟೇ. ಅಂಥವನು ಚಂದ್ರಗಿರಿ ಹೊಳೆಯ ಅಳಿವೆಯ ಬಳಿ ಆರು ಜನರನ್ನು ಕೂರಿಸಿಕೊಂಡು ಕಡಲತೀರದ ಬದುಕನ್ನು ಬರೆಸಲು ಹೊರಟದ್ದು ಸ್ವಲ್ಪ ಹೆಚ್ಚೇ ಆಯಿತು ಎಂದು ಈಗ ಅನ್ನಿಸುತ್ತದೆ. ಶಾಲೆಯಿಂದ ನಿವೃತ್ತನಾಗಿದ್ದೆ, ಭಾನುವಾರ ಖಾಲಿ ಇತ್ತು.

ಆರು ಜನರೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು. ಮನೆಮಾತು ಮಾತ್ರ ಒಬ್ಬೊಬ್ಬರದು ಒಂದೊಂದು: ತುಳು, ಮಲಯಾಳ, ಕೊಂಕಣಿ, ಮರಾಠಿ. ಈ ನೆಲದಲ್ಲಿ ಇದು ಹೊಸತೇನೂ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು, ಸಾರಾ ಅಬೂಬಕ್ಕರ್ ಅವರದು ಮಲಯಾಳ. ಮೂವರೂ ಬರೆದದ್ದು ಕನ್ನಡದಲ್ಲಿ.

ಮೊದಲ ಭಾನುವಾರ ‘ಈ ಊರು ನನಗೆ ಏನು’ ಎಂಬ ವಿಷಯ ಕೊಟ್ಟೆ. ಆರರಲ್ಲಿ ಐವರು 1956ರ ನವೆಂಬರ್ 1ರಿಂದ ಶುರು ಮಾಡಿದರು. ಕಾಸರಗೋಡು ತಾಲೂಕು ಕೇರಳಕ್ಕೆ ಹೋದದ್ದು, ಮಹಾಜನ ಆಯೋಗ ಇದೇ ಹೊಳೆಯನ್ನು ಗೆರೆಯಾಗಿ ಹಿಡಿದು ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಿ ಎಂದದ್ದು, ಅದು ಕಡತದಲ್ಲೇ ಉಳಿದದ್ದು. ಸುಳ್ಳು ಒಂದೂ ಇರಲಿಲ್ಲ. ಆದರೆ ಐದೂ ಒಬ್ಬನೇ ಬರೆದ ಭಾಷಣದಂತಿದ್ದವು. ಎದುರಿಗೇ ಭೋರ್ಗರೆಯುತ್ತಿದ್ದ ಕಡಲು ಯಾರ ಕಾಗದದಲ್ಲೂ ಇರಲಿಲ್ಲ.

ಮುಂದಿನ ವಾರ ‘ಗಡಿನಾಡು’, ‘ಅಸ್ಮಿತೆ’, ‘ಸಾಮರಸ್ಯ’ ಎಂಬ ಮೂರು ಪದಗಳನ್ನು ನಿಷೇಧಿಸಿದೆ. ಮೀನಿನ ಬುಟ್ಟಿಯವಳಿಂದ ಒಂದು ಸೇರು ಚಿಪ್ಪು ಕೊಂಡು ಕಾಗದದ ಮೇಲೆ ಸುರಿದು ‘ಇದನ್ನು ಬರೆಯಿರಿ’ ಎಂದೆ. ಎಲ್ಲರೂ ‘ಕಪ್ಪೆಚಿಪ್ಪು’ ಎಂದು ಬರೆದರು, ಪಾಠಪುಸ್ತಕದ ಪದ. ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದ್ದೇ ತಡ, ಕಾಗದದ ಸುತ್ತ ಜಗಳವೇ ಶುರುವಾಯಿತು. ಮರುವಾಯಿ ಎಂದ ಮೊಗವೀರರ ಹುಡುಗ. ಎಳಂಬಕ್ಕ ಎಂದರು ತಳಂಗರೆಯ ಹೆಂಗಸು. ಖುಬ್ಬೆ ಎಂದರು ಕೊಂಕಣಿಯ ಅಂಗಡಿಯವರು, ಅದಕ್ಕೆ ತೆಂಗಿನಕಾಯಿ ಎಷ್ಟು ಅರೆಯಬೇಕೆಂಬುದನ್ನೂ ಸೇರಿಸಿ. ಅಂದು ಬಂದ ಬರಹಗಳಲ್ಲಿ ಮೊದಲ ಸಲ ಉಪ್ಪಿನ ವಾಸನೆ ಇತ್ತು. ಮನೆಯ ಪದವನ್ನು ಹಾಗೇ ಬಿಡಿ, ಪಕ್ಕದಲ್ಲಿ ಅರ್ಥ ಬರೆಯಬೇಡಿ, ವಾಕ್ಯವೇ ಅರ್ಥ ಹೇಳಲಿ ಎಂಬ ನಿಯಮ ಅಲ್ಲಿಂದ ಹುಟ್ಟಿತು. ‘ಬಿಸಿನೀರಿಗೆ ಹಾಕಿದರೆ ಮರುವಾಯಿ ತಾನಾಗಿ ಬಾಯಿ ಬಿಡುತ್ತದೆ’ ಎಂದು ಓದಿದವನಿಗೆ ಟಿಪ್ಪಣಿ ಯಾಕೆ ಬೇಕು?

ತಪ್ಪು ಮಾಡಿದ್ದು ಮೂರನೆಯ ವಾರ. ತಳಂಗರೆಯವರು ತಮ್ಮ ಉಮ್ಮನ ಟೋಪಿ ಕಸೂತಿಯ ಬಗ್ಗೆ ಬರೆದು ತಂದಿದ್ದರು. ತಳಂಗರೆಯ ಟೋಪಿ ಹೆಸರುವಾಸಿ, ಗಲ್ಫಿಗೂ ಹೋಗುತ್ತಿದ್ದ ಸರಕು. ನಾನು ಮೂವತ್ತು ವರ್ಷದ ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ವಿಭಕ್ತಿ ತಿದ್ದಿದೆ, ಪುಟ ಕೆಂಪಾಯಿತು. ಎರಡು ಭಾನುವಾರ ಅವರು ಬರಲಿಲ್ಲ. ಮನೆಗೇ ಹೋಗಿ ತಪ್ಪೊಪ್ಪಿಕೊಂಡೆ. ಕೆಂಪು ಪೆನ್ನು ಅಂದಿನಿಂದ ಜೋಬಿಗೆ ಬಂದಿಲ್ಲ.

ಅವರು ಮರಳಿದ ದಿನ ಓದಿದ ವಾಕ್ಯ: ‘ಮಳೆಗಾಲದಲ್ಲಿ ನಾವು ಕಡಲಿಗೆ ಹೆದರುತ್ತಿದ್ದೆವು.’ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಆದರೂ ಏನೋ ಮಸುಕು. ಯಾರು ಈ ನಾವು?

ಆಗ ಹೊಳೆಯಿತು. ನಮ್ಮ ಹವ್ಯಕರ ಮನೆಗಳಲ್ಲಿ ‘ಎಂಗೊ’ ಎಂದರೆ ಕೇಳುವವನನ್ನು ಬಿಟ್ಟು ನಾವು. ‘ನಾವು’ ಎಂದರೆ ಅವನನ್ನೂ ಸೇರಿಸಿ. ತುಳುವಿನಲ್ಲಿ ‘ಎಂಕುಲು’ ಬೇರೆ, ‘ನಮ’ ಬೇರೆ. ಮಲಯಾಳದಲ್ಲಿ ‘ಞಙ್ಙಳ್’, ‘ನಮ್ಮಳ್’. ಮರಾಠಿಯಲ್ಲೂ ‘ಆಮ್ಹಿ’, ‘ಆಪಣ’. ಬರೆಯುವ ಕನ್ನಡದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ‘ನಾವು’. ಮನೆಯಲ್ಲಿ ದಿನವೂ ಮಾಡುವ ಈ ಭೇದವನ್ನು ಕನ್ನಡ ಬರೆಯಲು ಕುಳಿತಾಗ ಇವರಲ್ಲಿ ಹೆಚ್ಚಿನವರು ಹೊಸ್ತಿಲಲ್ಲೇ ಬಿಟ್ಟು ಬರುತ್ತಿದ್ದರು. ನಾನೂ.

‘ಇದು ಞಙ್ಙಳೋ ನಮ್ಮಳೋ?’ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಮರುವಾರ ವಾಕ್ಯ ಬದಲಾಗಿತ್ತು: ‘ಗಾಳಿ ಎದ್ದ ರಾತ್ರಿ ಉಮ್ಮ ಸೂಜಿಯನ್ನು ಟೋಪಿಯಲ್ಲೇ ಚುಚ್ಚಿಟ್ಟು ಬಾಗಿಲ ಅಗುಳಿ ನೋಡಿ ಬರುತ್ತಿದ್ದಳು. ನಾನೂ ತಂಗಿಯೂ ಅವಳ ಕಾಲಿನ ಸದ್ದು ಎಣಿಸುತ್ತಿದ್ದೆವು.’ ‘ನಾವು’ ಎಂಬ ಪದವೇ ಇಲ್ಲ, ಆದರೆ ಯಾರು ಒಳಗೆ, ಯಾರು ಹೊರಗೆ ಎಂಬುದು ಸ್ಪಷ್ಟ.

ಮೊಗವೀರರ ಹುಡುಗ ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲಿ ಟ್ರಾಲ್ ಬೋಟಿಗೆ ಹೋಗುವವನು. ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ 61 ದಿನ ನಿಷೇಧ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ 52 ದಿನ. ಎರಡೂ ಮುಗಿಯುವುದು ಜುಲೈ 31ಕ್ಕೆ. ನಡುವಿನ ಆ ಎಂಟೊಂಬತ್ತು ದಿನ ಅವನು ಮನೆಯ ಜಗಲಿಯಲ್ಲಿ ಕುಳಿತು ಊರಿನ ಬೋಟುಗಳು ಹೊರಡುವುದನ್ನು ನೋಡುತ್ತಾನೆ. ‘ನಾವು ರಜೆಯಲ್ಲಿದ್ದೆವು, ನಾವು ಮೀನಿಗೆ ಹೋಗಿದ್ದೆವು’ ಎಂದು ಎರಡು ‘ನಾವು’ಗಳನ್ನು ಒಂದೇ ಸಾಲಿನಲ್ಲಿ ಬರೆದಿದ್ದ. ಅದನ್ನು ತಿದ್ದಬೇಡ ಎಂದೆ. ನಾನು ಓದಿಸಿದ ಸಾಲುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ.

ಕೊನೆಗೆ ಆರು ಬರಹಗಳನ್ನೂ ಜೆರಾಕ್ಸ್ ಮಾಡಿಸಿ ಹೊಲಿದು ಪುಸ್ತಕ ಮಾಡಿದೆವು. ಮುನ್ನುಡಿ ನನ್ನದು. ‘ಕಡಲ ಮಕ್ಕಳಾದ ನಾವು’ ಎಂದು ಭರ್ಜರಿಯಾಗಿಯೇ ಆರಂಭಿಸಿದ್ದೆ. ತಳಂಗರೆಯವರು ಓದಿ, ಪೆನ್ಸಿಲಿನಿಂದ ಒಂದು ಪದದ ಕೆಳಗೆ ಗೆರೆ ಎಳೆದು ಪುಟವನ್ನು ನನ್ನತ್ತ ತಿರುಗಿಸಿದರು.

‘ಮಾಷೇ, ಇದು ಯಾವುದು?’

ಅಡಿಕೆ ತೋಟದವನ ಮುನ್ನುಡಿ ಈಗ ಎರಡನೆಯ ವಾಕ್ಯದಿಂದ ಶುರುವಾಗುತ್ತದೆ.