ಮಸುಕು ಲೆನ್ಸಿನದಾ, ನನ್ನದಾ?

ಕಡಿಮೆ ಬೆಲೆಯ 50 ಎಂಎಂ ಎಫ್ 1.8 ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಕೊಂಡ ಮೊದಲ ವಾರ ಬರೀ ಬೇಜಾರು. ಮುಖದ ಫೋಟೋ ತೆಗೆದರೆ ಕಣ್ಣು ಮಸುಕು. ಕಾಸಿಗೆ ತಕ್ಕ ಕಜ್ಜಾಯ ಅಂದುಕೊಂಡೆ. ಒಂದು ಫೋಟೋ ಹಿಗ್ಗಿಸಿ ನೋಡಿದಾಗ ಕಿವಿಯ ಪಕ್ಕದ ಕೂದಲು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ! ಹಾಗಾದರೆ ಗಾಜಿನದು ತಪ್ಪಲ್ಲ ಅಲ್ವಾ? ಫೋಕಸ್ ಹಿಂದೆ ಹೋಗಿ ಕೂತಿತ್ತು. ಒಂದು ಮೀಟರ್ ದೂರದಿಂದ ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದು, ತೆಗೆದರೆ ಸ್ಪಷ್ಟವಾಗಿ ಬರುವುದು ಮೂರ್ನಾಲ್ಕು ಸೆಂಟಿಮೀಟರ್ ಆಳ ಮಾತ್ರ. ನಾನು ಸ್ವಲ್ಪ ಮುಂದೆ ಹಿಂದೆ ಆಡಿದರೂ ಮುಗಿಯಿತು.

ಹಾಗಾಗಿ ಮೊದಲು ನನ್ನ ಕೈಯನ್ನೂ ಆಟೋಫೋಕಸ್ಸನ್ನೂ ಲೆಕ್ಕದಿಂದ ತೆಗೆದೆ. ಗೋಡೆಗೆ ನ್ಯೂಸ್‌ಪೇಪರ್ ಹಾಳೆ ಅಂಟಿಸಿದೆ. ಟ್ರೈಪಾಡ್, ಐಎಸ್ಒ (ಬೆಳಕಿನ ಸೂಕ್ಷ್ಮತೆ) 100, 2 ಸೆಕೆಂಡ್ ಟೈಮರ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ). ಕ್ಯಾಮೆರಾ ಪರದೆಯ ಲೈವ್ ವ್ಯೂ ಪೂರ್ತಿ ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡಿದೆ. ಕ್ಯಾಮೆರಾ ಗೋಡೆಗೆ ನೇರವಾಗಿದೆಯಾ ಅಂತ ನೋಡಲು ಒಂದು ಉಪಾಯವಿದೆ. ಹಾಳೆಯ ನಡುವೆ ಚಿಕ್ಕ ಕನ್ನಡಿ ಒತ್ತಿ ಹಿಡಿಯಿರಿ. ಅದರಲ್ಲಿ ಲೆನ್ಸಿನ ಬಿಂಬ ಫ್ರೇಮಿನ ಸರಿ ನಡುವೆ ಕಂಡರೆ ಆಯ್ತು.

ಎಫ್ ಅಂಕೆ ಹೆಚ್ಚಿದಷ್ಟೂ ಕಿಂಡಿ ಕಿರಿದು. 1.8ರಲ್ಲಿ ನಡುವಿನ ಅಕ್ಷರಗಳು ಓದಲು ಬರುತ್ತಿದ್ದವು. ಆದರೆ ಕನ್ನಡಕದ ಮೇಲೆ ಉಸಿರು ಬಿಟ್ಟ ಹಾಗೆ ಸುತ್ತ ತೆಳು ಮಬ್ಬು. 2.8ಕ್ಕೆ ಬಂದಾಗ ಅದು ಮಾಯ. ಮೂಲೆಗಳು ಸರಿಹೋಗಲು 5.6 ಬೇಕಾಯಿತು. 16ರಲ್ಲಿ ಇಡೀ ಚಿತ್ರವೇ ಮತ್ತೆ ಮೆತ್ತಗಾಯಿತು. ಅದು ಡಿಫ್ರಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದು), ದುಬಾರಿ ಲೆನ್ಸಿನಲ್ಲೂ ಇದ್ದದ್ದೇ.

ಸಿಕ್ಕಿಬಿದ್ದದ್ದು ಬಲಗಡೆಯ ಕೆಳಮೂಲೆ. ಉಳಿದ ಮೂರೂ ಚೆನ್ನಾಗಿದ್ದಾಗ ಇದೊಂದೇ ಅಲುಕಿದ ಹಾಗೆ. ಗೋಡೆಯೇ ಓರೆ ಇದ್ದರೆ? ಕ್ಯಾಮೆರಾ ತಲೆಕೆಳಗು ಮಾಡಿ ಮತ್ತೆ ತೆಗೆದೆ. ಈಗ ಆ ಮೂಲೆಗೆ ಗೋಡೆಯ ಎದುರು ಭಾಗ ಬಂದಿತ್ತು, ಮಸುಕು ಮಾತ್ರ ಕ್ಯಾಮೆರಾದ ಅದೇ ಮೂಲೆ ಬಿಟ್ಟು ಕದಲಲಿಲ್ಲ. ಅಂದರೆ ಒಳಗಿನ ಗಾಜು ಸ್ವಲ್ಪ ಓರೆ ಕೂತಿದೆ. ಬದಲಾಯಿಸಿಕೊಂಡೆ. ಎರಡನೆಯದರಲ್ಲಿ ನಾಲ್ಕೂ ಮೂಲೆ ಒಂದೇ ಸಮ, ಅಂದರೆ ಒಂದೇ ಸಮ ಸಾಧಾರಣ.

ಗೆರೆಗಳ ಅಂಚಿನಲ್ಲಿ ಇಲ್ಲದ ಬಣ್ಣ ಮೂಡುತ್ತಾ ಅಂತ ನೋಡಲು ಗೋಡೆ ಸಾಲದು. ಓರೆಯಾಗಿ ಇಟ್ಟ ಸ್ಟೀಲ್ ಸ್ಕೇಲಿನ ಫೋಟೋ ತೆಗೆದೆ. ಫೋಕಸ್‌ಗಿಂತ ಮುಂದಿನ ಗೆರೆಗಳಿಗೆ ನೇರಳೆ ಛಾಯೆ, ಹಿಂದಿನವಕ್ಕೆ ಹಸಿರು. 1.8ರಲ್ಲಿ ಎದ್ದು ಕಾಣುತ್ತೆ, 4ರ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲ. ಮೂಲೆಗಳು ಕಪ್ಪಾಗುವುದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಸಾಫ್ಟ್‌ವೇರಿನಲ್ಲಿ ಒಂದು ಕ್ಲಿಕ್ಕಿಗೆ ಸರಿಹೋಗುತ್ತೆ.

ರಾತ್ರಿ ದೀಪಗಳನ್ನು ತೆಗೆದಾಗ ಮಾತ್ರ ನಗು ಬಂತು. ಮೂಲೆಯ ದೀಪಗಳೆಲ್ಲ ರೆಕ್ಕೆ ಬಿಚ್ಚಿದ ಹಕ್ಕಿಗಳು! ನಕ್ಷತ್ರ ತೆಗೆಯುವವರಿಗೆ ಇದು ದೊಡ್ಡ ತಲೆನೋವು. ನಾನು ತೆಗೆಯುವುದು ಜಾಸ್ತಿ ಮುಖಗಳನ್ನೇ. ಈಗ 2.2ರಲ್ಲಿಟ್ಟು, ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ಸುಮ್ನೆ ಮೂರು ಕ್ಲಿಕ್ ಜಾಸ್ತಿ ಹೊಡೆಯುತ್ತೇನೆ. ಒಂದರಲ್ಲಾದರೂ ರೆಪ್ಪೆಗಳು ಸಿಗುತ್ತವೆ.