ಕಚ್ಚಾ ಚಿತ್ರಗಳೇ ನನ್ನ ಅರ್ಜಿಗೆ ಬಲವಾದವು

ಜೀವಕೋಶಗಳ ಚಿತ್ರಣದಲ್ಲಿ ಪಿಎಚ್‌.ಡಿ. ಮಾಡಬಯಸುವವರಿಗೆ ನಮ್ಮಲ್ಲಿ ಮೊದಲು ಎದುರಾಗುವುದು ಸಿಎಸ್‌ಐಆರ್‌-ಯುಜಿಸಿ ನೆಟ್, ಗೇಟ್‌ನಂತಹ ಪರೀಕ್ಷೆಗಳು. ನಾನೂ ನೆಟ್ ಬರೆದು ಜೆಆರ್‌ಎಫ್‌ಗೆ ಅರ್ಹತೆ ಪಡೆದಿದ್ದೆ. 2023ರಿಂದ ಅದರ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿಗೆ ಏರಿರುವುದರಿಂದ ಇಲ್ಲಿಯೇ ಉಳಿಯುವುದೂ ಒಳ್ಳೆಯ ಆಯ್ಕೆಯೇ. ಆದರೆ ತೆಳ್ಳನೆಯ ಬೆಳಕಿನ ಪದರವೊಂದನ್ನು ಹಾಯಿಸಿ ಚಿತ್ರ ತೆಗೆಯುವ ಲೈಟ್‌-ಶೀಟ್ ಸೂಕ್ಷ್ಮದರ್ಶಕವನ್ನು ಬಳಸುವುದಷ್ಟೇ ಅಲ್ಲ, ಅದನ್ನು ಕಟ್ಟುವುದನ್ನೂ ಕಲಿಯಬೇಕೆಂಬ ಆಸೆ ನನ್ನದು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಯುರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದ (ಇಎಂಬಿಎಲ್) ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆ ವಿಧಾನ ಜೀವವಿಜ್ಞಾನಿಗಳ ಗಮನ ಸೆಳೆದಿತ್ತಾದ್ದರಿಂದ, ನಾನು ಜರ್ಮನಿಯ ಪ್ರಯೋಗಾಲಯಗಳತ್ತ ನೋಡಿದೆ. ಅಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಬಹುಮಟ್ಟಿಗೆ ನೌಕರರಾಗಿಯೇ ನೇಮಿಸಿಕೊಳ್ಳುತ್ತಾರೆ. ಪ್ರಕಟಣೆಯಲ್ಲಿ ‘ಟಿವಿ-ಎಲ್ ಇ13, ಶೇ 65’ ಎಂಬಂತೆ ವೇತನಶ್ರೇಣಿಯೂ ನಮೂದಾಗಿರುತ್ತದೆ; ಅಂದರೆ ಅಲ್ಲಿನ ರಾಜ್ಯ ಸರ್ಕಾರಿ ನೌಕರರ ಶ್ರೇಣಿಯೊಂದರಲ್ಲಿ ಪೂರ್ಣಾವಧಿಯ ಶೇ 65ರಷ್ಟು ಕೆಲಸ ಮತ್ತು ಸಂಬಳ.

ಅರ್ಜಿ ಹಾಕುವ ಮೊದಲು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಇಮೇಜಿಂಗ್ ಕೇಂದ್ರದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದೆ. ಈ ಕ್ಷೇತ್ರಕ್ಕೆ ಬರುವವರಿಗೆ ಅದಕ್ಕಿಂತ ಒಳ್ಳೆಯ ತರಬೇತಿ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಸೂಕ್ಷ್ಮದರ್ಶಕ ಸರಿಯಾಗಿದೆಯೇ ಎಂದು ಪರೀಕ್ಷಿಸಲು, 100 ನ್ಯಾನೋಮೀಟರ್ ಗಾತ್ರದ, ಪ್ರತಿದೀಪ್ತಿಯಿಂದ ಹೊಳೆಯುವ ಬೀಡ್‌ಗಳನ್ನು (ಪುಟ್ಟ ಗೋಳಗಳನ್ನು) 0.17 ಮಿ.ಮೀ. ದಪ್ಪದ ಗಾಜಿನ ಕವರ್‌ಸ್ಲಿಪ್‌ಗೆ ಅಂಟಿಸಿ, 1.4 ನ್ಯೂಮರಿಕಲ್ ಅಪರ್ಚರ್‌ನ (ಬೆಳಕನ್ನು ಸಂಗ್ರಹಿಸುವ ಸಾಮರ್ಥ್ಯದ ಅಳತೆ) ಆಯಿಲ್ ಆಬ್ಜೆಕ್ಟಿವ್‌ನಲ್ಲಿ, ಅಂದರೆ ಎಣ್ಣೆಯ ಹನಿಯ ಮೂಲಕ ನೋಡುವ ಮಸೂರದಲ್ಲಿ, ಪದರಪದರವಾಗಿ ಚಿತ್ರ ತೆಗೆದು, ಒಂದೊಂದು ಬೀಡ್ ಎಷ್ಟು ಹರಡಿ ಕಾಣುತ್ತದೆಂದು ಅಳೆಯುವುದು ಅಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಬೆಳಕಿನ ವಿವರ್ತನೆಯಿಂದಾಗಿ ಅದು ಅಡ್ಡಲಾಗಿ ಸುಮಾರು 200 ನ್ಯಾನೋಮೀಟರ್‌ನಷ್ಟು ಅಗಲವಾಗಿಯೂ ಆಳದ ದಿಕ್ಕಿನಲ್ಲಿ ಅದರ ಎರಡು ಮೂರು ಪಟ್ಟು ಉದ್ದವಾಗಿಯೂ ಕಾಣಬೇಕು. ಹಾಗಲ್ಲದೆ ಮೇಲಕ್ಕೋ ಕೆಳಕ್ಕೋ ಮಾತ್ರ ಬಾಲದಂತೆ ಚಾಚಿಕೊಂಡಿದ್ದರೆ, ಎಣ್ಣೆಯ ವಕ್ರೀಭವನಾಂಕ ಹೊಂದುತ್ತಿಲ್ಲವೋ ಕವರ್‌ಸ್ಲಿಪ್‌ನ ದಪ್ಪದಲ್ಲಿ ವ್ಯತ್ಯಾಸವಿದೆಯೋ ಎಂದು ಹುಡುಕಬೇಕಾಗುತ್ತಿತ್ತು. ದೃಗ್ವಿಜ್ಞಾನದ ಪಾಠಗಳು ನನಗೆ ನಿಜವಾಗಿ ಅರ್ಥವಾದದ್ದು ಈ ಹುಡುಕಾಟದಲ್ಲಿಯೇ.

ಅರ್ಜಿಯ ಜೊತೆ ಬಣ್ಣ ತುಂಬಿದ ಸುಂದರ ಚಿತ್ರಗಳನ್ನು ಕಳಿಸುವ ರೂಢಿಯಿದೆ. ನಾನು ಅದರ ಬದಲು ಈ ಬೀಡ್‌ಗಳ ಅಳತೆಯನ್ನೂ, ಕೋಶಕೇಂದ್ರಗಳನ್ನು ಎಣಿಸಿದ ಒಂದು ಪ್ರಯೋಗವನ್ನೂ ವಿವರಿಸಿದೆ: ಪ್ರಶ್ನೆ ಏನಿತ್ತು, ಕಚ್ಚಾ ಚಿತ್ರ ಹೇಗಿತ್ತು, ಫಿಜಿ ಎಂಬ ಚಿತ್ರ ವಿಶ್ಲೇಷಣಾ ತಂತ್ರಾಂಶದಲ್ಲಿ ಯಾವ ಹಂತಗಳನ್ನು ಅನುಸರಿಸಿದೆ, ಪೈಥಾನ್ ಕೋಡ್ ಎಲ್ಲಿ ಸಿಗುತ್ತದೆ ಎಂಬಷ್ಟನ್ನೇ.

ಸಂದರ್ಶನದಲ್ಲಿ ಪ್ರಾಧ್ಯಾಪಕರು ಮೂಲ ಫೈಲನ್ನೇ ತೆರೆಯಲು ಹೇಳಿ, ಅತಿ ಪ್ರಕಾಶಮಾನವಾದ ಪಿಕ್ಸೆಲ್‌ಗಳು ಸ್ಯಾಚುರೇಟ್ ಆಗಿಲ್ಲವೇ, ಅಂದರೆ ಅಳತೆಯ ಗರಿಷ್ಠ ಮಿತಿಯನ್ನು ಮುಟ್ಟಿಲ್ಲವೇ ಎಂದು ವಿಚಾರಿಸಿದರು. ಪಿಕ್ಸೆಲ್‌ಗಳ ಪ್ರಕಾಶ ಹೇಗೆ ಹಂಚಿಕೆಯಾಗಿದೆಯೆಂದು ತಿಳಿಸುವ ಹಿಸ್ಟೋಗ್ರಾಮ್ ತೋರಿಸಿದೆ. ಹಸಿರು ಬಣ್ಣದ ಬೆಳಕು ಕೆಂಪು ಚಾನೆಲ್‌ಗೆ ಸೋರಿಲ್ಲವೆಂದು ಹೇಗೆ ಹೇಳುತ್ತೀರಿ ಎಂಬುದು ಅವರ ಮುಂದಿನ ಪ್ರಶ್ನೆ. ಹಸಿರು ಬಣ್ಣವೊಂದನ್ನೇ ಹಾಕಿದ ಸ್ಯಾಂಪಲ್‌ನ ಚಿತ್ರವನ್ನು ಅದೇ ಸೆಟ್ಟಿಂಗ್‌ನಲ್ಲಿ ತೆಗೆದಿಟ್ಟಿದ್ದರಿಂದ ಅದಕ್ಕೂ ಚಿತ್ರವೇ ಉತ್ತರ ಕೊಟ್ಟಿತು. ಅಂಕಪಟ್ಟಿಯ ಬಗ್ಗೆ ಹೆಚ್ಚೇನೂ ಕೇಳಲಿಲ್ಲ.

ಒಪ್ಪಿಗೆ ಕೊಡುವ ಮೊದಲು ಆ ಪ್ರಯೋಗಾಲಯದ ವಿದ್ಯಾರ್ಥಿಗಳೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಸೂಕ್ಷ್ಮದರ್ಶಕದಲ್ಲಿ ಸ್ಲಾಟ್ ಸಿಗಲು ಎಷ್ಟು ಕಾಯಬೇಕು, ಟೆರಾಬೈಟ್‌ಗಟ್ಟಲೆ ದತ್ತಾಂಶವನ್ನು ಎಲ್ಲಿ ಇಡುತ್ತಾರೆ, ಉಪಕರಣ ಕಟ್ಟಿದ ವಿದ್ಯಾರ್ಥಿಯ ಹೆಸರು ಜೀವವಿಜ್ಞಾನದ ಪ್ರಬಂಧದಲ್ಲಿ ಎಷ್ಟನೆಯದಾಗಿ ಬರುತ್ತದೆ ಎಂದು ಕೇಳಿದೆ. ಕೊನೆಯ ಪ್ರಶ್ನೆಗೆ ಅಲ್ಲಿನ ವಿದ್ಯಾರ್ಥಿನಿಯೊಬ್ಬರು ತಾವೇ ಮೊದಲ ಲೇಖಕಿಯಾಗಿದ್ದ ಪ್ರಬಂಧವನ್ನು ಕಳಿಸಿಕೊಟ್ಟ ಮೇಲೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದೆ.