ಫ್ರಿಜ್ಜಲ್ಲಿ ಸತ್ತ ನನ್ನ ಹುಳಗಳು, ಚಿಕ್ಕಪ್ಪನ ತೋಟದ ಬೇರುಹುಳ

ನಾನು ಓದಿದ್ದು, ಕೆಲಸ ಮಾಡ್ತಿರೋದು ಎಲ್ಲಾ ಗಿಡಗಳ ಸ್ಟ್ರೆಸ್ ಮೇಲೆ, ಆದ್ರೂ ತೀರ್ಥಹಳ್ಳಿ ಹತ್ರ ಚಿಕ್ಕಪ್ಪನ ಅಡಿಕೆ ತೋಟದಲ್ಲಿ ತಗ್ಗಿನ ಮರಗಳ ಸೋಗೆ ಹಳದಿ ಆದಾಗ ಬರೀ ನೋಡೇ "ನೀರು ನಿಂತಿದೆ, ಬಸಿಗಾಲುವೆ ತೋಡಿಸಿದ್ರೆ ಸಾಕು" ಅಂದ್ಬಿಟ್ಟಿದ್ದೆ. ಜುಲೈ ಗಾಳಿಗೆ ಒಂದು ಮರ ಬುಡಸಮೇತ ಬಿತ್ತು. ನೋಡಿದ್ರೆ ಬೇರೇ ಇಲ್ಲ, ಸವೆದ ಪೊರಕೆ ತರ ಮೋಟು ಮಾತ್ರ, ಗುಂಡೀಲಿ ಹೆಬ್ಬೆರಳು ಗಾತ್ರದ ಬಿಳಿ ಬೇರುಹುಳಗಳು ಸುತ್ಕೊಂಡು ಮಲಗಿದ್ವು. ಬೇರಿಲ್ಲದೆ ನೀರು ಎಳ್ಕೊಳ್ಳೋದು ಹೆಂಗೆ, ಕೆಸರಲ್ಲಿ ನಿಂತಿದ್ದ ಮರ ಒಳಗೆ ಬರಗಾಲ ಅನುಭವಿಸ್ತಿತ್ತು, ಸೋಗೆ ನೋಡಿದ್ರೆ ಎರಡೂ ಒಂದೇ ತರ ಕಾಣುತ್ತೆ. ಈಗ ಹಳದಿ ಮರ ಕಂಡ್ರೆ ಮೊದಲು ಹಾರೆ ತಗೋತೀನಿ.

ಈ ಹುಳಕ್ಕೆ ಹಿಂದೆ ಫೋರೇಟ್ ಅನ್ನೋ ಕೀಟನಾಶಕ ಹಾಕ್ತಿದ್ರು, ಅದು 2020ರ ಕೊನೆಗೆ ಬ್ಯಾನ್ ಆಯ್ತು. ನಾನು ನೆಮಟೋಡ್, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಹುಳ, ಬಿಡೋಣ ಅಂದೆ. ಚಿಕ್ಕಪ್ಪ "ಅಲ್ವೇ ಮಾರಾಯ್ತಿ, ಮೆಣಸಿನ ಬಳ್ಳಿ ಬೇರು ಹಾಳು ಮಾಡೋದು ಅದೇ ಅಲ್ವೇನೆ, ಅದನ್ನ ತಂದು ತೋಟಕ್ಕೆ ಬಿಡ್ತೀಯಾ?" ಅಂದ್ರು. ಕೇಳೋ ಪ್ರಶ್ನೇನೇ. ಮೆಣಸಿಗೆ ಬರೋ ಜಾತಿ ಬೇರೆ, ಅದು ಬೇರಿನ ರಸ ಕುಡಿಯುತ್ತೆ. ನಂದು ಹೆಟೆರೋರಾಬ್ಡೈಟಿಸ್ ಇಂಡಿಕಾ, 1992ರಲ್ಲಿ ಕೊಯಮತ್ತೂರಿನ ಮಣ್ಣಿಂದ ಹೆಸರು ಪಡ್ಕೊಂಡಿದ್ದು, ಗಿಡ ಮುಟ್ಟಲ್ಲ. ಇದರ ಅರ್ಧ ಮಿಲಿಮೀಟರ್ ಮರಿ, ಬೇರುಹುಳದ ಬಾಯಿ, ಉಸಿರಾಟದ ತೂತು ಹೀಗೆ ಎಲ್ಲಿ ಸಂದು ಸಿಕ್ರೂ ಒಳಗೆ ನುಗ್ಗಿ ತನ್ನ ಹೊಟ್ಟೇಲಿರೋ ಫೋಟೋರಾಬ್ಡಸ್ ಅನ್ನೋ ಬ್ಯಾಕ್ಟೀರಿಯಾ ಬಿಡುತ್ತೆ, ಸಾಮಾನ್ಯವಾಗಿ ಎರಡು ದಿನದೊಳಗೆ ಹುಳ ಸತ್ತು ಇಟ್ಟಿಗೆ ಕೆಂಪಾಗುತ್ತೆ, ಕತ್ತಲೆ ಕೋಣೇಲಿ ಸ್ವಲ್ಪ ಹೊತ್ತು ಕಣ್ಣು ಹೊಂದಿಸ್ಕೊಂಡ್ರೆ ಮಂಕಾಗಿ ಹೊಳೆಯುತ್ತೆ ಕೂಡ, ಮೊದಲ ಸಲ ನೋಡಿ ನಾನು ಹಾಸ್ಟೆಲ್ಲಲ್ಲಿ ಇದ್ದವರನ್ನೆಲ್ಲಾ ಎಬ್ಬಿಸಿದ್ದೆ.

ನೆಮಟೋಡ್ ಬೆಳೆಸೋಕೆ ಬೇಕಾಗಿದ್ದು ಜೇನುಗೂಡಿನ ಮೇಣ ತಿನ್ನೋ ಮೇಣದ ಹುಳ, ಜೇನು ಸಾಕೋರಿಗೆ ಶನಿ, ನನಗೆ ಬಂಡವಾಳ. ನೆಮಟೋಡ್ ಹೊಕ್ಕು ಸತ್ತ ಮೇಣದ ಹುಳಗಳನ್ನ ತಟ್ಟೆ ಮೇಲೆ ಒದ್ದೆ ಪೇಪರ್ ಹಾಕಿ ಇಟ್ಟು ಸುತ್ತ ನೀರು ಬಿಡೋದು, ಹತ್ತು ಹದಿನೈದು ದಿನಕ್ಕೆ ಮರಿಗಳು ತಾವೇ ನೀರಿಗಿಳೀತಾವೆ. ವೈಟ್ ಟ್ರ್ಯಾಪ್ ಅಂತಾರೆ, 1927ರಷ್ಟು ಹಳೇ ಟೆಕ್ನಿಕ್, ಇವತ್ತಿಗೂ ಇದಕ್ಕಿಂತ ಸುಲಭದ್ದು ನನಗೆ ಸಿಕ್ಕಿಲ್ಲ. ಲೆಕ್ಕ ಮಾತ್ರ ಗಾಬರಿ ಹುಟ್ಸುತ್ತೆ. ನಾನು ಹಿಡಿದಿದ್ದು ಹೆಕ್ಟೇರಿಗೆ 150 ಕೋಟಿ ಮರಿ, 2.7 ಮೀಟರ್ ಅಂತರದ ತೋಟ ಅಂದ್ರೆ ಸುಮಾರು 1370 ಮರ, ಮರಕ್ಕೆ 11 ಲಕ್ಷ ಬಿತ್ತು. ಒಂದು ಮೇಣದ ಹುಳಕ್ಕೆ 1 ಲಕ್ಷ ಮರಿ ಅಂದ್ಕೊಂಡ್ರೂ ಮರಕ್ಕೆ ಹನ್ನೊಂದು ಹುಳ, ಹಾಗಾಗಿ 40 ಮರಕ್ಕೆ ಸಾಕು ಅಂತ ಕೈ ಮುಗಿದೆ. ಇಷ್ಟೆಲ್ಲಾ ರಗಳೆ ಬೇಡ ಅನ್ನೋರಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮಾಡಿರೋ ಪುಡಿ ರೂಪದ್ದಿದೆ.

ಮೊದಲ ವರ್ಷ ನಾನೇ ಕೆಡಿಸಿದೆ. ಸ್ಪಾಂಜಿಗೆ ಹೀರಿಸಿದ ಮರಿಗಳನ್ನ ಚಿಕ್ಕಮ್ಮನ ಫ್ರಿಜ್ಜಲ್ಲಿ ಮೊಸರಿನ ಪಕ್ಕ ಮೂರು ವಾರ ಇಟ್ಟೆ, ತಣ್ಣಗಿದ್ರೆ ಒಳ್ಳೇದು ಅಂತ. ಇದು ನಮ್ಮ ಬಿಸಿಲ ನಾಡಿನ ನೆಮಟೋಡ್, 15 ಡಿಗ್ರಿ ಹತ್ರ ಆರಾಮಾಗಿರುತ್ತೆ, 4 ಡಿಗ್ರಿ ತಡ್ಕೊಳ್ಳಲ್ಲ. ಹೊರಗೆ ತಂದು ಗಂಟೆಗಟ್ಟಲೆ ಇಟ್ಟ ಮೇಲೂ ಲೆನ್ಸಲ್ಲಿ ನೋಡಿದ್ರೆ ಎಲ್ಲಾ ಸೂಜಿ ತರ ನೆಟ್ಟಗೆ. ಬದುಕಿದ್ರೆ ಬಳುಕ್ತಿರ್ತವೆ.

ಎರಡನೇ ವರ್ಷ ಮರಿ ಟ್ರ್ಯಾಪಿಂದ ಇಳಿದ ವಾರದಲ್ಲೇ ಒಯ್ದೆ. ಮಳೆ ಹಿಡಿದು ಮಣ್ಣು ನೆಂದ ಮೇಲೆ, ಮೋಡ ಇದ್ದ ಸಂಜೆ, ಯಾಕಂದ್ರೆ ಬಿಸಿಲು ಬಿದ್ರೆ ಬೇಗ ಸಾಯ್ತವೆ, ಒಣ ಮಣ್ಣಲ್ಲಿ ಓಡಾಡೋಕಾಗಲ್ಲ. ಸ್ಪ್ರೇಯರ್ ಫಿಲ್ಟರ್ ಬಿಚ್ಚಿಟ್ಟೆ, ಆಮೇಲೆ ಅದೂ ಬೇಡ ಅಂತ ಬಕೆಟ್ಟು ಮಗ್ಗಲ್ಲೇ ಬುಡಕ್ಕೆ ಹುಯ್ದ್ವಿ, ಮರಿ ತಳಕ್ಕೆ ಕೂರುತ್ತೆ ಅಂತ ಚಿಕ್ಕಪ್ಪ ಕೋಲಲ್ಲಿ ಕದಡ್ತಾನೇ ಇದ್ರು. ಬುಡದ ಸೊಪ್ಪು ಸರಿಸಿ ಹಾಕಿ ಮತ್ತೆ ಮುಚ್ಚಿದ್ವಿ. ಮತ್ತೊಂದ್ಸಲ ಸೆಪ್ಟೆಂಬರಲ್ಲಿ.

ನನ್ನ ಸಬ್ಜೆಕ್ಟಿಗೆ ಹತ್ರ ಇರೋದಕ್ಕೆ ಒಂದು ಮಾತು. ಬೇರು ತಿನ್ನಿಸ್ಕೊಂಡ ಮೆಕ್ಕೆಜೋಳ ಮಣ್ಣೊಳಗೆ ಒಂದು ವಾಸನೆ ಬಿಟ್ಟು ನೆಮಟೋಡನ್ನ ಕರೆಯುತ್ತೆ ಅಂತ 2005ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನವರು ತೋರಿಸಿದ್ರು, ಅಮೆರಿಕದ ತಳಿಗಳು ಅದನ್ನ ಕಳ್ಕೊಂಡಿವೆಯಂತೆ. ನಮ್ಮ ಅಡಿಕೆ ಹಾಗೆ ಕೂಗುತ್ತಾ ಅಂತ ಕುಂಡದ ಸಸಿಗಳಲ್ಲಿ ನೋಡ್ತಿದೀನಿ.

ಅಕ್ಟೋಬರಲ್ಲಿ ಅಗೆದಾಗ ಸಣ್ಣ ಬೇರುಹುಳಗಳು ಕೆಂಪಾಗಿ ಸತ್ತಿದ್ದು ಸಿಕ್ವು, ದೊಡ್ಡವು ಸುಮಾರು ಹಾಗೇ ಇದ್ವು. ಬಲಿತ ಹುಳದ ಉಸಿರಾಟದ ತೂತಿಗೆ ಜರಡಿ ತರ ಮುಚ್ಚಳ ಇರುತ್ತೆ, ಮರಿ ಒಳಹೋಗೋದು ಕಷ್ಟ. ನಮ್ಮ ಕಡೆ ಈ ಹುಳದ ಜೀವನಚಕ್ರ ಎರಡು ವರ್ಷದ್ದು ಬೇರೆ, ಒಂದೇ ಮಳೆಗಾಲಕ್ಕೆ ಮುಗಿಯೋ ಮಾತೇ ಇಲ್ಲ. ಹಳದಿ ಮರಗಳಲ್ಲಿ ಕೆಲವು ಹೊಸ ಬೇರು ಬಿಟ್ಟಿವೆ, ಎಲ್ಲಾ ಅಲ್ಲ. ಕೆಂಪು ಹುಳನ ನಾನು ಡಬ್ಬಿಗೆ ಹಾಕೋಕೆ ಹೋದ್ರೆ ಚಿಕ್ಕಪ್ಪ ಕೈಯಿಂದ ಇಸ್ಕೊಂಡು ಪಕ್ಕದ ಮರದ ಬುಡಕ್ಕೆ ಹೂತು ಮಣ್ಣು ಎಳೆದ್ರು.